ಎಲೆ ನೇರಳೆಯಾದರೆ ಗಿಡ ಚಳಿಗೆ ಗಟ್ಟಿಯಾಯಿತೇ?

ಕಳೆದ ಡಿಸೆಂಬರಿನ ಕೊನೆಯ ವಾರ ಗೊಬ್ಬರದ ಬಾಕಿ ಚುಕ್ತಾ ಮಾಡಲು ಸಂಘದ ಕಚೇರಿಗೆ ಬಂದಿದ್ದ ಹಿರಿಯ ಸದಸ್ಯರೊಬ್ಬರು, ರಸೀದಿ ಬರೆಯುವಷ್ಟರಲ್ಲಿ ತಮ್ಮ ಮೊಬೈಲನ್ನು ನನ್ನ ಮುಂದೆ ಹಿಡಿದರು. ಅವರ ಮಗ ಅಕ್ಟೋಬರಿನಲ್ಲಿ ಹಿಮಾಚಲ ಪ್ರದೇಶದ ಕುಲ್ಲು ಕಡೆಗೆ ಪ್ರವಾಸ ಹೋಗಿದ್ದನಂತೆ. ಪಾರ್ವತಿ ಕಣಿವೆಯ ರಸ್ತೆಯ ಬದಿಯಲ್ಲಿ ಆಳೆತ್ತರಕ್ಕೆ ಬೆಳೆದು ನಿಂತ ಭಂಗಿ ಗಿಡಗಳ ಚಿತ್ರಗಳು ಅವು. ಅವುಗಳಲ್ಲಿ ಕೆಲವು ಗಿಡಗಳ ಎಲೆ, ತೊಟ್ಟು, ತೆನೆ ಎಲ್ಲವೂ ಕಡು ನೇರಳೆ. ನೇರಳೆ ಹಣ್ಣು ತಿಂದ ಮಕ್ಕಳ ನಾಲಿಗೆಯ ಬಣ್ಣ ಎಂದರೆ ಸರಿಯಾದೀತು.

“ಅಲ್ಲ ಮಾರಾಯ್ರೆ, ಅಲ್ಲಿ ಸ್ವೆಟರಿನ ಮೇಲೆ ಸ್ವೆಟರ್ ಹಾಕಿದರೂ ನಡುಕ ಬಿಡಲಿಲ್ಲವಂತೆ. ಅಂಥ ಚಳಿಯಲ್ಲಿ ಈ ಗಿಡ ಹೀಗೆ ಬಣ್ಣ ತಿರುಗಿ ನಿಂತಿದೆ ಅಂದರೆ, ಅದಕ್ಕೆ ಚಳಿ ತಡೆಯುವ ಶಕ್ತಿ ಬಂದಿದೆ ಅಂತಲೇ ಅಲ್ಲವೇ? ನಮ್ಮ ಸಸಿಮಡಿಯಲ್ಲಿ ಮಳೆಗಾಲಕ್ಕೆ ನೆಟ್ಟು ಉಳಿದ ಚೀಲದ ಸಸಿಗಳಿವೆ. ಕೆಲವದರ ಎಲೆ ಹೀಗೇ ಕೆಂಪು-ನೇರಳೆಗೆ ತಿರುಗಿದೆ. ಅವನ್ನೇ ಆರಿಸಿ ಹಳ್ಳದ ಬದಿಯ ಪಟ್ಟಿಗೆ ಹಾಕಿಬಿಡೋಣ ಅಂತಿದ್ದೇನೆ” ಎಂದರು.

ಹಳ್ಳದ ಬದಿಯ ಪಟ್ಟಿ ಎಂದರೆ ತಗ್ಗಿನ ಜಾಗ. ಪುಷ್ಯ ಮಾಸದಲ್ಲಿ ಬೆಳಗಿನ ಒಂಬತ್ತು ಗಂಟೆಯವರೆಗೂ ಮಂಜು ಬಿಡದ ಜಾಗ. ಅವರ ಯೋಚನೆ ಕೇಳಿ ನನಗೆ ನಗು ಬರಲಿಲ್ಲ. ಏಕೆಂದರೆ ಇಪ್ಪತ್ತೈದು ವರ್ಷಗಳ ಹಿಂದೆ ಇದೇ ಯೋಚನೆ ನನ್ನ ತಲೆಗೂ ಬಂದು, ಸುಮಾರು ಇನ್ನೂರು ಗಿಡ ಕಳೆದುಕೊಂಡಿದ್ದೇನೆ. ಆ ಕಥೆಯನ್ನು ಮುಂದೆ ಹೇಳುತ್ತೇನೆ. ನೇರಳೆ ಬಣ್ಣಕ್ಕೂ ಚಳಿಗೂ ಇರುವ ಸಂಬಂಧವೇನು, ಬಣ್ಣಕ್ಕೂ ಗಟ್ಟಿತನಕ್ಕೂ ಸಂಬಂಧ ಇದೆಯೇ ಎಂಬುದನ್ನು ಎಲ್ಲ ಸದಸ್ಯ ಬಂಧುಗಳ ಗಮನಕ್ಕೂ ತರುವುದು ಒಳ್ಳೆಯದೆನಿಸಿ ಈ ಲೇಖನ ಬರೆಯುತ್ತಿದ್ದೇನೆ.

ಭಂಗಿ ಗಿಡದ ಮಾತು ಬಂದದ್ದರಿಂದ ಒಂದು ವಿಷಯವನ್ನು ಮೊದಲೇ ಸ್ಪಷ್ಟಪಡಿಸಬೇಕು. 1985ರ ಮಾದಕ ದ್ರವ್ಯಗಳ ಕಾಯಿದೆಯ ಪ್ರಕಾರ ಈ ಗಿಡವನ್ನು ಬೆಳೆಯುವುದು ಅಪರಾಧ. ನಾರಿಗಾಗಿ, ಬೀಜಕ್ಕಾಗಿ ಸರ್ಕಾರವೇ ಪರವಾನಗಿ ಕೊಟ್ಟು ಬೆಳೆಸಲು ಕಾನೂನಿನಲ್ಲಿ ಅವಕಾಶವಿದೆ. ಉತ್ತರಾಖಂಡದಲ್ಲಿ ಹಾಗೆ ಕೊಟ್ಟಿದ್ದೂ ಇದೆ. ಆದರೆ ನಮ್ಮ ತೋಟದ ಮೂಲೆಯಲ್ಲಿ ಯಾರೋ ಎಸೆದ ಬೀಜದಿಂದ ಒಂದು ಗಿಡ ಎದ್ದರೂ ಅದಕ್ಕೆ ಉತ್ತರ ಹೇಳಬೇಕಾದವರು ತೋಟದ ಯಜಮಾನರು. ಆದ್ದರಿಂದ ಕಂಡಲ್ಲಿ ಕೀಳಿಸಿ. ಇಲ್ಲಿ ಅದರ ಪ್ರಸ್ತಾಪ ಬರುವುದು ಒಂದು ಸಸ್ಯವಾಗಿ ಮಾತ್ರ. ಹಾಗೆ ನೋಡಿದರೆ ಅದೊಂದು ಸ್ವಾರಸ್ಯದ ಸಸ್ಯವೇ ಹೌದು.

ಈಗ ಬಣ್ಣದ ವಿಷಯ. ಎಲೆಗೆ ಹಸಿರು ಕೊಡುವುದು ಪತ್ರಹರಿತ್ತು ಎಂಬುದು ಶಾಲೆಯಲ್ಲೇ ಎಲ್ಲರೂ ಓದಿದ ಪಾಠ. ನೇರಳೆ ಕೊಡುವ ವರ್ಣದ್ರವ್ಯದ ಹೆಸರು ಆಂಥೋಸಯನಿನ್. 1835ರಲ್ಲಿ ಮಾರ್ಕ್ವಾರ್ಟ್ ಎಂಬ ಜರ್ಮನ್ ವಿಜ್ಞಾನಿ ಗ್ರೀಕ್ ಭಾಷೆಯ ‘ಹೂ’ ಮತ್ತು ‘ನೀಲಿ’ ಎಂಬ ಎರಡು ಪದಗಳನ್ನು ಕೂಡಿಸಿ ಇಟ್ಟ ಹೆಸರು ಇದು. ಹೆಸರು ಹೊಸದೆನಿಸಿದರೂ ವಸ್ತು ನಮಗೆ ಹೊಸದಲ್ಲ. ಪುನರ್ಪುಳಿಯ ಶರಬತ್ತಿನ ಕೆಂಪು, ನೇರಳೆ ಹಣ್ಣಿನ ಬಣ್ಣ, ಬದನೆಯ ಸಿಪ್ಪೆಯ ಬಣ್ಣ, ದಾಸವಾಳದ ಕೆಂಪು, ಅಷ್ಟೇಕೆ, ನಮ್ಮ ಕಾಫಿ ಹಣ್ಣಿನ ಕೆಂಪು ಸಹ ಇದೇ. ಪತ್ರಹರಿತ್ತು ಜೀವಕೋಶದೊಳಗಿನ ಸಣ್ಣ ಹಸಿರು ಕಣಗಳಲ್ಲಿ ಇದ್ದರೆ, ಆಂಥೋಸಯನಿನ್ ಜೀವಕೋಶದ ರಸದಲ್ಲಿ ಸಕ್ಕರೆಯಂತೆ ಕರಗಿರುತ್ತದೆ. ಆದ್ದರಿಂದಲೇ ಅದು ಬೆರಳಿಗೆ, ಬಟ್ಟೆಗೆ, ನಾಲಿಗೆಗೆ ಹತ್ತುವುದು.

ಮಕ್ಕಳಿರುವ ಮನೆಯವರು ಒಂದು ಪ್ರಯೋಗ ಮಾಡಿ ನೋಡಬಹುದು. ಬೇಲಿಯ ಶಂಖಪುಷ್ಪದ ನಾಲ್ಕು ಹೂ ಕಿತ್ತು ಬಿಸಿನೀರಿಗೆ ಹಾಕಿದರೆ ನೀರು ನೀಲಿಯಾಗುತ್ತದೆ. ಅದಕ್ಕೆ ನಿಂಬೆರಸ ಹಿಂಡಿದರೆ ನೇರಳೆ. ಇನ್ನೊಂದು ಲೋಟಕ್ಕೆ ಅಡಿಗೆ ಸೋಡಾ ಹಾಕಿದರೆ ಹಸಿರು ಛಾಯೆ. ಹುಳಿ ಹೆಚ್ಚಾದರೆ ಕೆಂಪಿನ ಕಡೆಗೆ, ಕಡಿಮೆಯಾದರೆ ನೀಲಿಯ ಕಡೆಗೆ ಹೋಗುವುದು ಈ ವಸ್ತುವಿನ ಸ್ವಭಾವ. ಆದರೆ ಎಲ್ಲ ಕೆಂಪೂ ಇದೇ ಎಂದು ತಿಳಿಯಬೇಡಿ. ಕೆಂಪು ಹರಿವೆ, ಬೀಟ್‌ರೂಟ್, ಕಾಗದದ ಹೂವಿನ ಬಣ್ಣಗಳು ಬೇರೊಂದು ಜಾತಿಯವು. ಅವಕ್ಕೆ ಬೀಟಲೇನ್ ಎನ್ನುತ್ತಾರೆ. ಒಂದೇ ಗಿಡದಲ್ಲಿ ಆಂಥೋಸಯನಿನ್ ಮತ್ತು ಬೀಟಲೇನ್ ಎರಡೂ ಇರುವ ಸಸ್ಯ ಪ್ರಕೃತಿಯಲ್ಲಿ ಈವರೆಗೆ ಕಂಡಿಲ್ಲ.

ಇಷ್ಟಾದ ಮೇಲೆ ಮುಖ್ಯ ಪ್ರಶ್ನೆ: ಬೇಸಿಗೆಯಲ್ಲಿ ಹಸಿರಾಗಿದ್ದ ಎಲೆ ಚಳಿಗೆ ನೇರಳೆಯಾಗುವುದೇಕೆ?

ಹಣ್ಣು ಕೊಯ್ಲಿನ ದಿನಗಳಲ್ಲಿ ನಮ್ಮ ಪಲ್ಪರ್ ಮನೆಯ ಮುಂದಿನ ಸ್ಥಿತಿಯನ್ನು ನೆನಪಿಸಿಕೊಳ್ಳಿ. ತೋಟದಿಂದ ಮೂಟೆ ಮೂಟೆ ಹಣ್ಣು ಬರುತ್ತಲೇ ಇರುತ್ತದೆ. ಇತ್ತ ಪಲ್ಪರ್ ಕೆಟ್ಟು ಕುಂಟುತ್ತಿದ್ದರೆ, ಕಣದಲ್ಲಿ ಜಾಗವಿಲ್ಲದಿದ್ದರೆ, ಬಂದ ಹಣ್ಣು ರಾಶಿ ಬಿದ್ದು ಬಿಸಿಯೇರಿ ಹುಳಿತು ಹಾಳಾಗುತ್ತದೆ. ಎಲೆಯಲ್ಲೂ ಹೀಗೆಯೇ. ಸೂರ್ಯನ ಬೆಳಕನ್ನು ಹಿಡಿಯುವ ಕೆಲಸಕ್ಕೆ ಚಳಿಯ ತಡೆಯಿಲ್ಲ. ಬಿಸಿಲು ಬಿದ್ದರೆ ಸಾಕು, ಪತ್ರಹರಿತ್ತು ಅದನ್ನು ಹಿಡಿಯುತ್ತದೆ. ಆದರೆ ಹಿಡಿದ ಶಕ್ತಿಯಿಂದ ಸಕ್ಕರೆ ತಯಾರಿಸುವ ಕಿಣ್ವಗಳ ಕೆಲಸ ಚಳಿಯಲ್ಲಿ ನಿಧಾನವಾಗುತ್ತದೆ. ಖರ್ಚಾಗದೆ ಉಳಿದ ಶಕ್ತಿ ಎಲೆಯ ಒಳಗನ್ನೇ ಸುಡಲು ತೊಡಗುತ್ತದೆ. ಚಳಿಗಾಲದ ತಣ್ಣನೆಯ ಬೆಳಗು, ಮೋಡವಿಲ್ಲದ ಆಕಾಶ, ಎಳೆಬಿಸಿಲು ನಮಗೆ ಹಿತ. ಎಲೆಗೆ ಮಾತ್ರ ಅದು ಕಷ್ಟದ ಹೊತ್ತು.

ಆಗ ಎಲೆ ತನಗೆ ತಾನೇ ಒಂದು ಪರದೆ ಕಟ್ಟಿಕೊಳ್ಳುತ್ತದೆ. ಮೇಲ್ಪದರದ ಜೀವಕೋಶಗಳಲ್ಲಿ ತುಂಬಿಕೊಳ್ಳುವ ಆಂಥೋಸಯನಿನ್ ಬೆಳಕಿನ ಒಂದು ಭಾಗವನ್ನು ತಾನೇ ಹೀರಿ, ಒಳಗಿನ ಹಸಿರು ಕಣಗಳ ಹೊರೆ ಇಳಿಸುತ್ತದೆ. ಇನ್ನೊಂದು ಕಾರಣವೂ ಕೂಡಿಬರುತ್ತದೆ. ಚಳಿಯಲ್ಲಿ ಗಿಡದ ಬೆಳವಣಿಗೆ ಮೊದಲು ನಿಲ್ಲುತ್ತದೆ, ಸಕ್ಕರೆಯ ತಯಾರಿಕೆ ಆಮೇಲೆ. ತಯಾರಾದ ಸಕ್ಕರೆಯನ್ನು ಬಳಸುವವರಿಲ್ಲದೆ ಅದು ಎಲೆಯಲ್ಲೇ ಉಳಿಯುತ್ತದೆ. ಹಾಗೆ ಸಕ್ಕರೆ ಕೂಡಿಬೀಳುವುದೇ ಈ ಬಣ್ಣ ತಯಾರಿಸಲು ಒಂದು ಸೂಚನೆ. ಬಣ್ಣದ ಅಣುವಿಗೆ ಅಂಟಿಕೊಂಡಿರುವುದೂ ಸಕ್ಕರೆಯೇ. ಆದ್ದರಿಂದ ಬರೀ ಚಳಿ ಸಾಲದು, ಬೆಳಕೂ ಬೇಕು. ಎರಡು ಎಲೆ ಒಂದರ ಮೇಲೊಂದು ಬಂದಿದ್ದರೆ ಮೇಲಿನ ಎಲೆ ನೇರಳೆಯಾಗಿ, ಅದರ ನೆರಳು ಬಿದ್ದ ಭಾಗ ಕೆಳಗಿನ ಎಲೆಯಲ್ಲಿ ಹಸಿರಾಗಿಯೇ ಅಚ್ಚೊತ್ತಿದಂತೆ ಉಳಿಯುವುದನ್ನು ನೋಡಬಹುದು.

ಹಾಗಾದರೆ ಚಳಿ ಮತ್ತು ಬಿಸಿಲು ಇದ್ದ ಕಡೆಯೆಲ್ಲ ಎಲ್ಲ ಗಿಡವೂ ನೇರಳೆಯಾಗಬೇಕಲ್ಲ? ಆಗುವುದಿಲ್ಲ. ಆ ಹುಡುಗ ತೆಗೆದ ಚಿತ್ರದಲ್ಲೇ ಉತ್ತರವಿತ್ತು. ಒಂದು ಗಿಡ ಪೂರ್ತಿ ನೇರಳೆ. ಅದಕ್ಕೆ ಹೆಗಲು ತಾಗಿಸಿ ನಿಂತ ಇನ್ನೊಂದು ಗಿಡ ಹಸಿರು, ಬುಡದಲ್ಲಿ ಸ್ವಲ್ಪ ಹಳದಿ. ಇಬ್ಬರಿಗೂ ಅದೇ ಮಣ್ಣು, ಅದೇ ಗಾಳಿ, ಅದೇ ಚಳಿ. ವ್ಯತ್ಯಾಸ ಇರುವುದು ವಂಶದಲ್ಲಿ. ಭಂಗಿಯಲ್ಲಿ ಗಂಡು ಗಿಡ ಬೇರೆ, ಹೆಣ್ಣು ಗಿಡ ಬೇರೆ. ಪರಾಗ ಗಾಳಿಯಲ್ಲಿ ಹಾರಿ ಬರುತ್ತದೆ. ಹೀಗಾಗಿ ಒಂದೇ ತಾಯಿಯ ಬೀಜಗಳೂ ಒಂದರಂತೆ ಒಂದಿರುವುದಿಲ್ಲ. ಬಣ್ಣ ತಯಾರಿಸುವ ಸಾಮರ್ಥ್ಯ ಹುಟ್ಟಿನಿಂದ ಬಂದಿದ್ದರೆ ಚಳಿ ಅದನ್ನು ಹೊರಗೆ ತರುತ್ತದೆ. ಇಲ್ಲದಿದ್ದರೆ ಎಷ್ಟೇ ಚಳಿ ಬಿದ್ದರೂ ಗಿಡ ಹಳದಿಯಾದೀತೇ ಹೊರತು ನೇರಳೆಯಾಗದು. ಇನ್ನು ಕೆಲವು ವಂಶಗಳು ಚಳಿಯ ಹಂಗೇ ಇಲ್ಲದೆ ಬೆಚ್ಚಗಿನ ಜಾಗದಲ್ಲೂ ನೇರಳೆಯಾಗುತ್ತವೆ.

ಇದಕ್ಕೆ ಬಹಳ ಚೆಂದದ ಉದಾಹರಣೆ ಇಟಲಿಯ ಸಿಸಿಲಿ ದ್ವೀಪದ ರಕ್ತ ಕಿತ್ತಳೆ. ಎಟ್ನಾ ಜ್ವಾಲಾಮುಖಿಯ ತಪ್ಪಲಲ್ಲಿ ಹಗಲು ಬಿಸಿಲು, ರಾತ್ರಿ ಚಳಿ. ಅಲ್ಲಿ ಬೆಳೆದ ಹಣ್ಣು ಒಡೆದರೆ ತೊಳೆಗಳು ರಕ್ತದಂತೆ ಕೆಂಪು. ಅದೇ ಗಿಡವನ್ನು ರಾತ್ರಿ ಚಳಿಯಿಲ್ಲದ ಊರಿನಲ್ಲಿ ನೆಟ್ಟರೆ ಬಣ್ಣ ಸರಿಯಾಗಿ ಬರುವುದಿಲ್ಲ. ಇಂಗ್ಲೆಂಡಿನ ನಾರ್ವಿಚ್‌ನಲ್ಲಿರುವ ಜಾನ್ ಇನ್ಸ್ ಸಂಶೋಧನಾ ಕೇಂದ್ರದವರು 2012ರಲ್ಲಿ ಇದರ ಗುಟ್ಟು ಪ್ರಕಟಿಸಿದರು. ಬಣ್ಣದ ಕೆಲಸವನ್ನು ಆರಂಭಿಸುವ ಒಂದು ವಂಶವಾಹಿಯ ಪಕ್ಕದಲ್ಲಿ, ಹಿಂದೆಂದೋ ಒಂದು ಅಲೆಮಾರಿ ವಂಶವಾಹಿಯ ತುಣುಕು ಬಂದು ಸೇರಿಕೊಂಡಿದೆ. ಚಳಿಗೆ ಎಚ್ಚರಗೊಳ್ಳುವುದು ಆ ತುಣುಕಿನ ಗುಣ. ಅದು ಎದ್ದರೆ ಪಕ್ಕದ್ದೂ ಎದ್ದು ಬಣ್ಣ ತಯಾರಾಗುತ್ತದೆ. ನಮ್ಮ ಕೊಡಗಿನ ಕಿತ್ತಳೆಯನ್ನು ಎಟ್ನಾ ಬುಡಕ್ಕೇ ಒಯ್ದು ನೆಟ್ಟರೂ ತೊಳೆ ಕೆಂಪಾಗುವುದಿಲ್ಲ, ಆ ತುಣುಕು ಅದರಲ್ಲಿಲ್ಲ.

ಬಣ್ಣಕ್ಕೆ ಚಳಿಯೇ ಬೇಕೆಂಬುದೂ ಇಲ್ಲ. ಫಾಲ್ಗುಣದ ಬಿಸಿಲಲ್ಲಿ ಮಾವಿನ ಚಿಗುರು, ನಾಗಸಂಪಿಗೆಯ ಚಿಗುರು, ದಾಲ್ಚಿನ್ನಿಯ ಚಿಗುರು ಕೆಂಪಾಗಿ ತೂಗುವುದನ್ನು ಮಲೆನಾಡಿನಲ್ಲಿ ಯಾರು ನೋಡಿಲ್ಲ? ಹಸಿರು ಇನ್ನೂ ಬಲಿಯದ ಎಳೆಯ ಎಲೆಗೆ ಅದೂ ಒಂದು ಬಿಸಿಲಿನ ಕೊಡೆ. ಅಡಿಕೆ ಮರಕ್ಕೆ ಹಬ್ಬಿಸಿದ ಮೆಣಸಿನ ಬಳ್ಳಿಯ ಕುಡಿಯ ನೇರಳೆಯೂ ಅಂಥದ್ದೇ. ಅದು ತಳಿಯಿಂದ ತಳಿಗೆ ಹೆಚ್ಚು ಕಡಿಮೆ. ಕಾಫಿಯಲ್ಲಂತೂ ಚಿಗುರಿನ ಬಣ್ಣ ತಳಿ ಗುರುತಿಸುವ ಹಳೆಯ ಲಕ್ಷಣ: ಟಿಪಿಕಾ ಜಾತಿಗೆ ಕಂಚಿನ ಬಣ್ಣದ ಚಿಗುರು, ಬೋರ್ಬನ್ ಜಾತಿಗೆ ಹಸಿರು ಚಿಗುರು. ಕಾಫಿಯಲ್ಲಿ ‘ಪರ್ಪ್ಯುರಾಸೆನ್ಸ್’ ಎಂಬ ಒಂದು ವಿಚಿತ್ರ ರೂಪವೂ ಇದೆ. ಅದರ ಎಲೆಗಳೆಲ್ಲ ನೇರಳೆ. ಡಚ್ ವಿಜ್ಞಾನಿ ಕ್ರೇಮರ್ 1913ರಲ್ಲಿ ಅದನ್ನು ವರ್ಣಿಸಿದ್ದಾರೆ. ನೋಡಲು ಅಂದವಾಗಿದ್ದರೂ ಕಸುವು ಕಡಿಮೆ, ಫಸಲೂ ಕಡಿಮೆ. ಸಂಗ್ರಹದಲ್ಲಿ ಇಡುವ ಗಿಡವೇ ಹೊರತು ತೋಟ ಮಾಡುವ ಗಿಡವಲ್ಲ.

ಇನ್ನು ಗಟ್ಟಿತನದ ವಿಷಯ. ಇದು ನಡೆಯುವುದು ಬೇರೆಯೇ ಜಾಗದಲ್ಲಿ, ಬೇರೆಯೇ ರೀತಿಯಲ್ಲಿ.

ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಬಾಟಲಿಯಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಪಕ್ಕದಲ್ಲಿರುವ ಕಡಲೆಕಾಯಿ ಎಣ್ಣೆ ಹರಿಯುತ್ತಲೇ ಇರುತ್ತದೆ. ಪ್ರತಿಯೊಂದು ಜೀವಕೋಶದ ಸುತ್ತಲೂ ಕೊಬ್ಬಿನಿಂದಾದ ತೆಳುಪೊರೆ ಇದೆ. ಉಷ್ಣವಲಯದ ಗಿಡಗಳ ಪೊರೆ ಸುಮಾರು ಕೊಬ್ಬರಿ ಎಣ್ಣೆಯ ಸ್ವಭಾವದ್ದು ಎನ್ನಬಹುದು. ಉಷ್ಣತೆ ಹತ್ತು ಹನ್ನೆರಡು ಡಿಗ್ರಿಗಿಂತ ಕೆಳಗಿಳಿದರೆ ಅಂಥ ಪೊರೆ ಬಿಗಿದುಕೊಂಡು ಸೋರತೊಡಗುತ್ತದೆ. ಬಾಳೆಹಣ್ಣನ್ನು ಫ್ರಿಜ್ಜಿನಲ್ಲಿಟ್ಟರೆ ಸಿಪ್ಪೆ ಕಪ್ಪಾಗುವುದು ಇದರಿಂದಲೇ. ಅಲ್ಲಿ ನೀರು ಹೆಪ್ಪುಗಟ್ಟಿರುವುದಿಲ್ಲ, ಆದರೂ ಗಾಯವಾಗಿರುತ್ತದೆ. ಚಳಿನಾಡಿನ ಗಿಡಗಳು ಚಳಿ ಮೆಲ್ಲಮೆಲ್ಲನೆ ಏರುತ್ತಿದ್ದಂತೆ, ಹಲವು ದಿನಗಳಿಂದ ಕೆಲವು ವಾರಗಳ ಅವಧಿಯಲ್ಲಿ, ತಮ್ಮ ಪೊರೆಯ ಕೊಬ್ಬನ್ನೇ ಕಡಲೆಕಾಯಿ ಎಣ್ಣೆಯ ಕಡೆಗೆ ಬದಲಾಯಿಸಿಕೊಳ್ಳುತ್ತವೆ.

ಹಿಮ ಬಿದ್ದಾಗಿನ ಸಾವಿನ ಬಗೆಗೂ ಒಂದು ತಪ್ಪು ತಿಳುವಳಿಕೆ ಇದೆ. ಜೀವಕೋಶದೊಳಗಿನ ನೀರು ಹೆಪ್ಪುಗಟ್ಟಿ, ಉಬ್ಬಿ, ಕೋಶ ಒಡೆಯುತ್ತದೆ ಎಂದು ಅನೇಕರು ಭಾವಿಸುತ್ತಾರೆ. ಸಾಮಾನ್ಯವಾಗಿ ನಡೆಯುವುದು ಹಾಗಲ್ಲ. ಮಂಜುಗಡ್ಡೆ ಮೊದಲು ಕಟ್ಟುವುದು ಕೋಶಗಳ ನಡುವಿನ ಸಂದಿಯಲ್ಲಿ. ಆ ಗಡ್ಡೆ ಕೋಶದೊಳಗಿನ ನೀರನ್ನು ಹೊರಗೆಳೆಯುತ್ತ ಹೋಗುತ್ತದೆ, ಕೋಶ ಒಣಗಿ ಮುದುಡುತ್ತದೆ. ಅಂದರೆ ಹಿಮದ ಸಾವು ಬಹುಮಟ್ಟಿಗೆ ಬರಗಾಲದ ಸಾವೇ. ಚಳಿಗೆ ಪಳಗಿದ ಗಿಡಗಳು ಕೋಶದೊಳಗೆ ಸಕ್ಕರೆಯನ್ನೂ ಕೆಲವು ವಿಶೇಷ ಪ್ರೋಟೀನುಗಳನ್ನೂ ಕೂಡಿಟ್ಟುಕೊಂಡು ಈ ಒಣಗುವಿಕೆಯನ್ನು ತಾಳಿಕೊಳ್ಳುತ್ತವೆ.

ಇಷ್ಟರಲ್ಲಿ ಎಲ್ಲಿಯೂ ನೇರಳೆ ಬಣ್ಣದ ಪಾತ್ರ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಸೈಬೀರಿಯದ ಸ್ಪ್ರೂಸ್, ಪೈನ್ ಮರಗಳು ಹಸಿರಾಗಿಯೇ ನಿಂತು, ನಾವು ಊಹಿಸಲೂ ಆಗದ ಚಳಿಯನ್ನು ಕಳೆಯುತ್ತವೆ. ಅದೇ ನಮ್ಮ ಅಂಗಳದ ಕೃಷ್ಣತುಳಸಿಯನ್ನು ನೋಡಿ. ಎಲೆ, ಕಾಂಡ, ಕುಡಿ ಎಲ್ಲ ನೇರಳೆ. ಆದರೂ ಉತ್ತರ ಭಾರತದ ಮನೆಗಳಲ್ಲಿ ಚಳಿಗಾಲ ಬಂದರೆ ತುಳಸಿಗೆ ಬಟ್ಟೆ ಹೊದಿಸುತ್ತಾರೆ. ಹೊದಿಸದಿದ್ದರೆ ಕೃಷ್ಣತುಳಸಿ, ಹಸಿರು ತುಳಸಿ ಎಂಬ ಭೇದವಿಲ್ಲದೆ ಕರಿದಾಗುತ್ತವೆ. ನೇರಳೆ ಬಣ್ಣ ಚಳಿಯ ಬೆಳಗಿನ ಬಿಸಿಲಿನಿಂದ ಎಲೆಗೆ ಸ್ವಲ್ಪ ರಕ್ಷಣೆ ಕೊಡುತ್ತದೆ, ಅದು ನಿಜ. ಆದರೆ ಹಿಮ ಬೀಳುವುದು ರಾತ್ರಿ. ರಾತ್ರಿ ಕೊಡೆ ಹಿಡಿದು ಏನು ಪ್ರಯೋಜನ?

ಹಾಗಿದ್ದರೆ ಕುಲ್ಲುವಿನ ಆ ಗಿಡ ಚಳಿಯನ್ನು ಗೆದ್ದದ್ದು ಹೇಗೆ ಎಂದು ಕೇಳಬಹುದು. ಅದು ಗೆಲ್ಲುವುದಿಲ್ಲ, ತಪ್ಪಿಸಿಕೊಳ್ಳುತ್ತದೆ. ಭಂಗಿ ಒಂದು ವರ್ಷದ ಗಿಡ. ವಸಂತದಲ್ಲಿ ಮೊಳೆತು, ಹಗಲು ಗಿಡ್ಡವಾಗತೊಡಗಿದಂತೆ ಹೂ ಬಿಟ್ಟು, ಬೀಜ ಉದುರಿಸಿ, ಚಳಿಗಾಲ ಬಲಿಯುವ ಮೊದಲು ಸಾಯುತ್ತದೆ. ಚಳಿಗಾಲ ಕಳೆಯುವುದು ಮಣ್ಣಿನಲ್ಲಿ ಬಿದ್ದ ಬೀಜ ಮಾತ್ರ. ಲಘುವಾದ ಹಿಮವನ್ನು ಗಿಡ ಸಹಿಸಿಕೊಳ್ಳುತ್ತದೆ, ಅಷ್ಟೇ. ರಷ್ಯದಲ್ಲಿ ಇನ್ನೂ ಚಳಿಯ ಪ್ರದೇಶದ ಒಂದು ಗಿಡ್ಡ ಜಾತಿ ಇದೆ. 1924ರಲ್ಲಿ ಯಾನಿಶೆವ್‌ಸ್ಕಿ ಎಂಬ ಸಸ್ಯಶಾಸ್ತ್ರಜ್ಞ ಅದಕ್ಕೆ ‘ರುಡೆರಾಲಿಸ್’ ಎಂಬ ಹೆಸರಿಟ್ಟ. ಅದು ಹಗಲು ಗಿಡ್ಡವಾಗುವವರೆಗೂ ಕಾಯುವುದಿಲ್ಲ, ವಯಸ್ಸಾದ ಕೂಡಲೇ ಹೂ ಬಿಟ್ಟುಬಿಡುತ್ತದೆ. ಅಲ್ಲಿಯ ಬೇಸಿಗೆ ಅಷ್ಟು ಚಿಕ್ಕದು. ಆ ಹುಡುಗ ಅಕ್ಟೋಬರಿನಲ್ಲಿ ನೋಡಿ ಮೆಚ್ಚಿದ ನೇರಳೆ ಗಿಡ ಚಳಿಗೆ ಪಳಗಿದ್ದಲ್ಲ, ತನ್ನ ಕೆಲಸ ಮುಗಿಸಿ ಹೊರಟು ನಿಂತದ್ದು. ಐವತ್ತು ವರ್ಷ ತೋಟದಲ್ಲಿ ನಿಲ್ಲಬೇಕಾದ ಕಾಫಿಗೆ ಈ ಉಪಾಯ ನಡೆಯುವುದಿಲ್ಲ.

ಕಾಫಿ ಎಷ್ಟು ಚಳಿ ತಡೆದೀತು ಎಂಬ ಪಾಠವನ್ನು ಜಗತ್ತು ಕಲಿತದ್ದು ಬ್ರೆಜಿಲಿನಲ್ಲಿ. 1975ರ ಜುಲೈ 17-18ರ ಚಳಿಗೆ ಅಲ್ಲಿಯ ಪರಾನಾ ರಾಜ್ಯದ ಕಾಫಿ ತೋಟಗಳು ಬಹುಮಟ್ಟಿಗೆ ಪೂರ್ತಿಯಾಗಿ ನಾಶವಾದವು. ಅದನ್ನು ಅಲ್ಲಿಯವರು ‘ಕರಿ ಹಿಮ’ ಎಂದೇ ಕರೆಯುತ್ತಾರೆ. ಬಿಳಿ ಹಿಮದಲ್ಲಿ ಇಬ್ಬನಿ ಹೆಪ್ಪುಗಟ್ಟಿ ಎಲೆಯ ಮೇಲೆ ಕಾಣುತ್ತದೆ; ಕರಿ ಹಿಮದಲ್ಲಿ ಗಾಳಿ ಒಣಗಿರುವುದರಿಂದ ಬಿಳಿ ಕಾಣುವುದೇ ಇಲ್ಲ, ಸುಟ್ಟಂತೆ ಕರಿದಾದ ಎಲೆಗಳಷ್ಟೇ ಕಾಣುತ್ತವೆ. ಎಲೆಯ ಉಷ್ಣತೆ ಸೊನ್ನೆಯಿಂದ ಮೂರು-ನಾಲ್ಕು ಡಿಗ್ರಿ ಕೆಳಗಿಳಿದರೆ ಕಾಫಿ ಎಲೆಗೆ ಉಳಿವಿಲ್ಲ. ಆ ಹಿಮದ ನಂತರ ಜಗತ್ತಿನ ಪೇಟೆಯಲ್ಲಿ ಕಾಫಿ ಬೆಲೆ ಏರುತ್ತ ಹೋಗಿ 1977ರಲ್ಲಿ ತುದಿ ಮುಟ್ಟಿತು. ಆಗ ನಮ್ಮಲ್ಲಿ ಕಾಫಿ ಮಂಡಳಿಯ ಪೂಲ್ ಪದ್ಧತಿ. ನನಗಿನ್ನೂ ಶಾಲೆಗೆ ಹೋಗುವ ವಯಸ್ಸು. ಎಲ್ಲಿಯೋ ಸತ್ತ ಗಿಡದಿಂದ ಇಲ್ಲಿ ನಮ್ಮ ಮನೆಗೆ ಹಂಚು ಬಂತೆಂದು ತಂದೆಯವರು ಹೇಳುತ್ತಿದ್ದ ಮಾತು ನೆನಪಿದೆ. 1994ರಲ್ಲಿ, ಮತ್ತೆ 2021ರ ಜುಲೈಯಲ್ಲಿ ಬ್ರೆಜಿಲಿಗೆ ಹಿಮ ಬಿದ್ದಾಗಲೂ ಬೆಲೆ ಹಾರಿದ್ದನ್ನು ನಾವೆಲ್ಲ ಕಂಡಿದ್ದೇವೆ.

ಆ ಪರಾನಾದವರು ಇಂದು ಏನು ಮಾಡುತ್ತಾರೆ? ನೇರಳೆ ಎಲೆಯ ಗಿಡ ಹುಡುಕಿಲ್ಲ. ತಂಪು ಗಾಳಿ ನೀರಿನಂತೆ ಇಳಿಜಾರಿನಲ್ಲಿ ಹರಿದು ತಗ್ಗಿನಲ್ಲಿ ನಿಲ್ಲುವುದರಿಂದ ತಗ್ಗಿನ ಜಾಗದಲ್ಲಿ ಕಾಫಿ ಹಾಕಬಾರದೆಂಬುದು ಅವರ ಮೊದಲ ಪಾಠ. ಹಿಮದ ಮುನ್ಸೂಚನೆ ಬಂದರೆ, ನೆಟ್ಟು ಆರು ತಿಂಗಳೊಳಗಿನ ಸಸಿಗಳನ್ನು ಪೂರ್ತಿಯಾಗಿ ಮಣ್ಣಿನಿಂದ ಮುಚ್ಚಿಬಿಡುತ್ತಾರೆ. ಅಪಾಯ ಕಳೆದ ಕೂಡಲೇ ಬಿಡಿಸುತ್ತಾರೆ. ಅದಕ್ಕಿಂತ ದೊಡ್ಡ ಎಳೆಗಿಡಗಳ ಬುಡಕ್ಕೆ ಮಣ್ಣು ಏರಿಸುತ್ತಾರೆ, ಮೇಲಿನದು ಸತ್ತರೂ ಬುಡ ಚಿಗುರಲೆಂದು. ಎಳೆಯ ಕಾಫಿಯ ಸಾಲುಗಳ ನಡುವೆ ತೊಗರಿ ಬೆಳೆಸಿ, ಅದರ ನೆರಳಿನಡಿ ರಾತ್ರಿಯ ಉಷ್ಣತೆ ಬಯಲಿಗಿಂತ ಹೆಚ್ಚಿರುವುದನ್ನು ಅಲ್ಲಿಯ ಸಂಶೋಧಕರು ತೋರಿಸಿದ್ದಾರೆ. ನೆರಳಿಲ್ಲದ ಕಾಫಿಗೆ ಹೆಸರಾದ ದೇಶದಲ್ಲಿ ಹಿಮಕ್ಕೆ ಹೆದರಿ ನೆರಳು! ನಮ್ಮ ಹಿರಿಯರ ಹಾಲುವಾಣದ ಬೆಲೆ ಇದರಿಂದ ತಿಳಿಯುತ್ತದೆ. ಚಳಿ ಮೆಲ್ಲನೆ ಏರಿದರೆ ಕಾಫಿಯೂ ಸ್ವಲ್ಪ ಮಟ್ಟಿಗೆ ಹೊಂದಿಕೊಳ್ಳುತ್ತದೆ, ಕೆಲವು ತಳಿ ಹೆಚ್ಚು, ಕೆಲವು ಕಡಿಮೆ ಎಂದು ಪೋರ್ಚುಗಲ್ಲಿನ ಸಂಶೋಧಕರು ಕಂಡುಕೊಂಡಿದ್ದಾರೆ. ರೋಬಸ್ಟಾ ಅರೇಬಿಕಾಗಿಂತ ಮೆದು. ಆದರೆ ಹೆಪ್ಪುಗಟ್ಟುವ ಚಳಿಯ ಮುಂದೆ ಈ ಹೊಂದಾಣಿಕೆ ನಡೆಯದು.

ನಮ್ಮಲ್ಲಿ ಹಿಮದ ಭಯವಿಲ್ಲ. ಅದು ಊಟಿ, ಮುನ್ನಾರಿನ ಚಹಾ ತೋಟದವರ ಕಷ್ಟ. ನಮ್ಮದು ಹತ್ತು ಡಿಗ್ರಿಯ ಆಸುಪಾಸಿನ ಬೆಳಗು, ಅದರ ಮೇಲೆ ಒಣಗಾಳಿ, ಅದರ ಮೇಲೆ ಬಿಸಿಲು. ಎಳೆಗಿಡಕ್ಕೆ ಅದೇ ಸಾಕು. ಈಗ ನನ್ನ ಕಥೆ.

1998ರ ಜೂನಿನಲ್ಲಿ ಗದ್ದೆಯ ಬದಿಯ ಒಂದು ತಗ್ಗು ಪಟ್ಟಿಯಲ್ಲಿ ಅರೇಬಿಕಾ ಹಾಕಿಸಿದೆ. ಒಂದು ಅಂಚಿಗೆ ಹಳೆಯ ಹಾಲುವಾಣದ ಸಾಲಿತ್ತು, ಉಳಿದದ್ದು ಬಯಲು. ಜನವರಿ ಹೊತ್ತಿಗೆ ಬಯಲಿನ ಗಿಡಗಳ ಎಲೆ ಕಂಚು-ನೇರಳೆಗೆ ತಿರುಗಿದವು. ಹಾಲುವಾಣದ ಬುಡದವು ಹಸಿರಾಗಿಯೇ ಇದ್ದವು. ನಾನು ಬಿ.ಎಸ್ಸಿ. ಓದಿ ಬಂದವನು, ಚಳಿಗೆ ಬಣ್ಣ ಬರುತ್ತದೆ ಎಂಬ ಒಂದು ಸಾಲು ತಲೆಯಲ್ಲಿತ್ತು. ಬಯಲಿನ ಗಿಡಗಳು ಚಳಿಗೆ ಪಳಗುತ್ತಿವೆ, ನೆರಳಿನವು ಮುದ್ದು ಮಾಡಿದ ಮಕ್ಕಳಂತೆ ಮೆದುವಾಗಿವೆ ಎಂದು ತೀರ್ಮಾನಿಸಿದೆ. ನಮ್ಮ ತೋಟದ ಹಳೆಯ ರೈಟರು ಮಾತ್ರ ದಿನಾ ಬಂದು, “ಸೊಪ್ಪು ಕಡಿದು ಮರೆ ಕಟ್ಟಿಸುವ ಸ್ವಾಮಿ, ಈ ಬಣ್ಣ ಒಳ್ಳೇದಕ್ಕೆ ಬಂದದ್ದಲ್ಲ” ಎನ್ನುತ್ತಿದ್ದರು. ಎರಡು ದಿನದ ಆಳು ಉಳಿಸಿದೆನೆಂದು ನಾನು ಸಂತೋಷಪಟ್ಟೆ.

ಫೆಬ್ರವರಿಯಲ್ಲಿ ನೇರಳೆ ಎಲೆಗಳ ಅಂಚು ಒಣಗತೊಡಗಿತು. ಮಾರ್ಚಿಗೆ ಕಡ್ಡಿ ಉಳಿಯಿತು. ಹೂ ಮಳೆ ಬಂದ ಮೇಲೆ ಚಿಗುರೀತೆಂದು ಕಾದೆ. ಚಿಗುರಿದ್ದು ಹಾಲುವಾಣದ ಬುಡದವು. ಜೂನಿನಲ್ಲಿ ಮರುನಾಟಿಗೆಂದು ಸತ್ತ ಗಿಡಗಳನ್ನು ಕೀಳಿಸಿದಾಗ ಇನ್ನೊಂದು ಸತ್ಯ ಹೊರಬಂತು. ಸಾಕಷ್ಟು ಗಿಡಗಳ ತಾಯಿಬೇರು ಕೊಕ್ಕೆಯಂತೆ ಮಡಚಿಕೊಂಡಿತ್ತು. ಪಾತಿಯಿಂದ ಚೀಲಕ್ಕೆ ಸಸಿ ಬದಲಾಯಿಸುವಾಗ ಅವಸರ ಮಾಡಿಸಿದವನು ನಾನೇ. ಬೇರು ಕೆಳಗಿಳಿಯದೆ ನೀರೂ ಇಲ್ಲ, ರಂಜಕವೂ ಇಲ್ಲ. ಆ ನೇರಳೆ ಬಣ್ಣದಲ್ಲಿ ಚಳಿ-ಬಿಸಿಲಿನ ಪಾಲೆಷ್ಟು, ಬೇರಿನ ಪಾಲೆಷ್ಟು ಎಂದು ಈಗ ಬೇರ್ಪಡಿಸಲಾಗದು. ಎರಡೂ ಗಿಡ ಕಷ್ಟದಲ್ಲಿದೆ ಎಂದೇ ಹೇಳುತ್ತಿದ್ದವು. ನಾನು ಅದನ್ನು ಆರೋಗ್ಯವೆಂದು ಓದಿದೆ.

ರಂಜಕದ ಮಾತು ಬಂತು. ರಂಜಕ ಕಡಿಮೆಯಾದ ಗಿಡ ಬೆಳೆಯಲಾರದು. ಬೆಳೆಯದ ಗಿಡದ ಎಲೆಯಲ್ಲಿ ಸಕ್ಕರೆ ಉಳಿಯುತ್ತದೆ. ಸಕ್ಕರೆ ಉಳಿದರೆ ಬಣ್ಣ. ಮೆಕ್ಕೆಜೋಳದ ಎಳೆಯ ಪೈರು ಈ ಕಾರಣಕ್ಕೆ ನೇರಳೆಯಾಗುವುದನ್ನು ಬಯಲುಸೀಮೆಯ ರೈತರು ಚೆನ್ನಾಗಿ ಬಲ್ಲರು. ನಮ್ಮ ಮಲೆನಾಡಿನ ಕೆಂಪು ಹುಳಿ ಮಣ್ಣು ಹಾಕಿದ ರಂಜಕವನ್ನು ಕಬ್ಬಿಣ, ಅಲ್ಯುಮಿನಿಯಂ ಜೊತೆಗೆ ಕಟ್ಟಿಹಾಕಿಬಿಡುತ್ತದೆ. ಮಣ್ಣು ತಂಪಾದಾಗ ಬೇರು ಅದನ್ನು ಹೀರುವುದೂ ಕಡಿಮೆ. ಆದ್ದರಿಂದ ಚಳಿಗಾಲದ ನೇರಳೆಗೆ ಚಳಿ ಒಂದೇ ಕಾರಣವೆಂದು ಸುಮ್ಮನಾಗಬಾರದು.

ನಾನೀಗ ನೋಡುವ ಕ್ರಮ ಹೀಗೆ. ಬಣ್ಣ ಕುಡಿಯ ಒಂದೆರಡು ಜೊತೆ ಎಳೆ ಎಲೆಗಳಲ್ಲಷ್ಟೇ ಇದ್ದು, ಬಲಿತ ಎಲೆ ಹಸಿರಾಗಿದ್ದರೆ ಅದು ತಳಿಯ ಗುಣ, ಗೊಡವೆ ಬೇಡ. ಬಿಸಿಲಿನ ಕಡೆಯ ಎಲೆ ಬಣ್ಣಕ್ಕೆ ತಿರುಗಿ, ನೆರಳಿನ ಕಡೆಯದು ಹಸಿರಾಗಿದ್ದರೆ ಚಳಿ ಮತ್ತು ಬಿಸಿಲು ಎರಡರ ಕೆಲಸ. ಸೊಪ್ಪಿನ ಮರೆ ಕಟ್ಟಿದರೆ, ಬುಡಕ್ಕೆ ತರಗು ಹಾಕಿದರೆ ಹೂ ಮಳೆಯ ಹೊತ್ತಿಗೆ ಹಸಿರಾಗುತ್ತದೆ. ನೆರಳಿನಲ್ಲೂ ಬಣ್ಣ, ಕೆಳಗಿನ ಹಳೆಯ ಎಲೆಯಲ್ಲೂ ಬಣ್ಣ, ಬೆಚ್ಚಗಾದ ಮೇಲೂ ಹೋಗದ ಬಣ್ಣ ಕಂಡರೆ ಗೊಬ್ಬರದ ಚೀಲಕ್ಕೆ ಕೈ ಹಾಕುವ ಮೊದಲು ಒಂದು ಗಿಡ ಕಿತ್ತು ಬೇರು ನೋಡಬೇಕು. ಬೇರು ನೇರವಾಗಿದ್ದರೆ ಮಣ್ಣು ಪರೀಕ್ಷೆ ಮಾಡಿಸಿ, ಹುಳಿ ಹೆಚ್ಚಿದ್ದರೆ ಸುಣ್ಣ, ಆಮೇಲೆ ರಂಜಕ. ಬೇರು ಮಡಚಿದ್ದರೆ ಯಾವ ಗೊಬ್ಬರವೂ ಅದನ್ನು ನೇರ ಮಾಡದು. ‘ಚಳಿ ತಡೆಯುವ ನೇರಳೆ ಸಸಿ’ ಎಂದು ಯಾರಾದರೂ ಹೆಚ್ಚು ಬೆಲೆ ಹೇಳಿದರೆ, ಚೀಲ ಹರಿದು ಬೇರು ತೋರಿಸಿ ಎಂದು ಕೇಳಿ.

ಆ ಹಿರಿಯರ ಸಸಿಮಡಿಗೆ ಅದೇ ವಾರ ಹೋಗಿದ್ದೆ. ಅವರು ಆರಿಸಿಟ್ಟಿದ್ದ ನೇರಳೆ ಸಸಿಗಳಲ್ಲಿ ಮೂರನ್ನು ಅವರ ಕೈಯಿಂದಲೇ ಹರಿಸಿ ನೋಡಿದೆವು. ಎರಡರ ಬೇರು ನೇರವಾಗಿತ್ತು. ಚಪ್ಪರದ ಪೂರ್ವದ ಅಂಚಿನಲ್ಲಿ ಬಿಸಿಲಿಗೆ ಬಿದ್ದಿದ್ದವು, ಅಷ್ಟೇ. ಮೂರನೆಯದರ ತಾಯಿಬೇರು ಚೀಲದ ಬುಡದಲ್ಲಿ ಸುರುಳಿ ಸುತ್ತಿತ್ತು. ಅಂಥವನ್ನು ಬೇರೆ ತೆಗೆಸಿ, ಉಳಿದವನ್ನು ನೆರಳಿಗೆ ಸರಿಸಿದರು. ಮಾರ್ಚ್ ಕೊನೆಗೆ ಫೋನ್ ಮಾಡಿ, “ನಿಮ್ಮ ನೇರಳೆ ಎಲ್ಲ ಹಸಿರಾಯ್ತು ಮಾರಾಯ್ರೆ” ಎಂದರು. ಹಳ್ಳದ ಬದಿಯ ಪಟ್ಟಿಗೆ ಈ ಮಳೆಗಾಲ ಅವರು ಕಾಫಿ ಹಾಕುತ್ತಿಲ್ಲ, ಹಾಲುವಾಣದ ಗೂಟ ನೆಡಿಸುತ್ತಿದ್ದಾರೆ.